ಮಾವನ ಕಣ್ಣಳತೆ

ತೀರ್ಥಹಳ್ಳಿಯಿಂದ ಮದುವೆಯಾಗಿ ಸಾಗರಕ್ಕೆ ಬರುವಾಗ, ಗಂಡನ ಮನೆಯ ಹಿಂದೆ ಒಂದು ವರ್ಕ್‌ಶಾಪ್ ಇದೆ ಎಂದಷ್ಟೇ ನನಗೆ ಹೇಳಿದ್ದರು. ಸೈಕಲ್ ರಿಪೇರಿಯೋ ಬಸ್ಸಿನ ಗ್ಯಾರೇಜೋ ಇರಬೇಕು ಎಂದುಕೊಂಡಿದ್ದೆ. ಬಂದು ನೋಡಿದರೆ ಹಿತ್ತಲ ತುಂಬ ಕರಿಮಣ್ಣು, ಮೂಲೆಯಲ್ಲಿ ಕಲ್ಲಿದ್ದಲಿನ ರಾಶಿ, ತಗಡಿನ ಮಾಡಿನ ಕೆಳಗೆ ಒಂದು ಲೇತು, ಅದರಾಚೆ ಎರಕ ಹೊಯ್ಯುವ ಕುಲುಮೆ. ತಿಳಿಬಣ್ಣದ ಸೀರೆ ಉಡುವ ಆಸೆಯನ್ನು ಅವತ್ತೇ ಬಿಟ್ಟೆ. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಪಕ್ಕದಲ್ಲೇ ಲಿಂಗನಮಕ್ಕಿ ಅಣೆಕಟ್ಟು ಇಟ್ಟುಕೊಂಡೂ ನಮ್ಮ ಬೀದಿಗೆ ಕರೆಂಟು ಬರುತ್ತಿದ್ದದ್ದು ನೆಂಟರ ಹಾಗೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕರೆಂಟು ಬಂದಾಗಲೆಲ್ಲ ಇವರು ಉಣ್ಣುವ ತಟ್ಟೆ ಬಿಟ್ಟು ಲೇತಿನ ಹತ್ತಿರ ಓಡುತ್ತಿದ್ದರು.

ನಮ್ಮಲ್ಲಿ ಆಗುತ್ತಿದ್ದ ಕೆಲಸ ಇಷ್ಟೇ. ಯಾರದೋ ಯಂತ್ರದಲ್ಲಿ ಏನೋ ಒಂದು ಮುರಿಯುತ್ತದೆ. ಕಂಪನಿಗೆ ಬರೆದು ತರಿಸಿಕೊಳ್ಳಬೇಕೆಂದರೆ ಈ ಮಳೆಗಾಲ ಹೋಗಿ ಇನ್ನೊಂದು ಮಳೆಗಾಲ ಬರುತ್ತದೆ. ಹಾಗಾಗಿ ಜನ ಮುರಿದದ್ದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ನಮ್ಮಲ್ಲಿಗೆ ತರುತ್ತಿದ್ದರು. ಎಲ್ಲರದ್ದೂ ಒಂದೇ ಮಾತು: "ಇಂಥದ್ದೇ ಬೇಕು, ಒಂದೇ ಸಾಕು, ಬೇಗ ಆಗ್ಬೇಕು." ಅದಕ್ಕೆ ಮೊದಲು ಅದರ ಹಾಗೆಯೇ ಒಂದು ಮಾದರಿಯನ್ನು ಮರದಲ್ಲಿ ಕೆತ್ತಬೇಕು. ಇದಕ್ಕೆ ಪ್ಯಾಟರ್ನ್ ಅನ್ನುತ್ತಿದ್ದೆವು. ಪ್ಯಾಟರ್ನನ್ನು ಪೆಟ್ಟಿಗೆಯಲ್ಲಿಟ್ಟು ಸುತ್ತ ಮಣ್ಣು ಗಟ್ಟಿಸಿ ತುಂಬಿ, ಮೆಲ್ಲಗೆ ಎತ್ತಿ ತೆಗೆದರೆ ಮಣ್ಣಿನಲ್ಲಿ ಅದರ ಆಕಾರ ಹಾಗೇ ಉಳಿಯುತ್ತದೆ. ಅದರೊಳಗೆ ಕರಗಿದ ಬೀಡು, ಅಂದರೆ ಎರಕದ ಕಬ್ಬಿಣ, ಹೊಯ್ದರೆ ಹೊಸ ಭಾಗ ತಯಾರು. ಮಣ್ಣು ಜರಡಿ ಹಿಡಿಯುವುದೂ, ಪ್ಯಾಟರ್ನಿಗೆ ಮರಳು ಕಾಗದ ತಿಕ್ಕಿ ಅರಗು ಬಳಿಯುವುದೂ ನನ್ನ ಪಾಲಿಗೆ ಬಂತು. ಅಡುಗೆಯ ಕೈಗೆ ಅರಗಿನ ವಾಸನೆ ಹತ್ತಿದರೆ ಹೋಗುವುದಿಲ್ಲ. ನನ್ನ ಒಗ್ಗರಣೆಗೂ ಅದೇ ವಾಸನೆ ಎಂದು ಇವರು ತಮಾಷೆ ಮಾಡುತ್ತಿದ್ದರು.

ಮರ ಕೆತ್ತುತ್ತಿದ್ದವರು ನನ್ನ ಮಾವ. ಅವರದ್ದು ಗಂಧದ ಕೆತ್ತನೆಯ ಮನೆತನ. ಅವರ ಅಪ್ಪ, ಅಜ್ಜ ಎಲ್ಲರೂ ದೇವರ ಮೂರ್ತಿ, ಪೆಟ್ಟಿಗೆ, ಮಂಟಪ ಮಾಡಿಕೊಂಡು ಬಂದವರು. ಗಂಧದ ಕೊರಡು ಸಿಗುವುದು ಕಷ್ಟವಾಗುತ್ತ ಬಂದು, ಮನೆಯಲ್ಲಿ ಉಳಿದ ಗಂಧವೆಂದರೆ ಉಳಿಗಳ ಹಿಡಿಕೆಗೆ ಅಂಟಿದ ವಾಸನೆ ಮಾತ್ರ ಆಗಿತ್ತು. ಮಗ ಪರವೂರಿನ ಫೌಂಡ್ರಿಯಲ್ಲಿ ಎರಕದ ಕೆಲಸ ಕಲಿತು ಬಂದು ಹಿತ್ತಲಲ್ಲಿ ಕುಲುಮೆ ಹಾಕಿದಾಗ, ಮಾವ ಶಿವನಿ ಮರದ ಮುಂದೆ ಕೂತು ಪಂಪಿನ ಚಕ್ರ ಕೆತ್ತಲು ಶುರು ಮಾಡಿದರು. ಬೇಜಾರಿನಿಂದಲ್ಲ. ಚಕ್ರವನ್ನೂ ಅವರು ಮೂರ್ತಿಯ ಹಾಗೆಯೇ ಕೆತ್ತುತ್ತಿದ್ದರು, ಸ್ನಾನ ಮಾಡಿ, ಪೂರ್ವಕ್ಕೆ ಮುಖ ಮಾಡಿ, ಬಾಯಲ್ಲಿ ಎಲೆಯಡಿಕೆಯಿಲ್ಲದೆ. ನನ್ನನ್ನು 'ತಂಗಿ' ಎಂದು ಕರೆಯುತ್ತಿದ್ದರು, ಇವರನ್ನು 'ತಮ್ಮ' ಎಂದು. ನನ್ನ ತವರಲ್ಲೂ ಇಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಕರೆದಿರಲಿಲ್ಲ.

ಅವರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಭಿನ್ನವಾದ, ಅಂದರೆ ಒಡೆದ, ಮೂರ್ತಿ ಬಂದರೆ ಅದನ್ನು ಎದುರಿಗಿಟ್ಟುಕೊಂಡು ಹಾಗೆಯೇ ಹೊಸದನ್ನು ಮಾಡುವುದು. ಹೊಸದು ಮುಗಿದ ದಿನ ಹಳೆಯದಕ್ಕೆ ಕೈಮುಗಿದು ನೀರಿಗೆ ಬಿಡುವುದು. ಎರಡೂ ಒಟ್ಟಿಗೆ ಒಂದು ಮನೆಯಲ್ಲಿ ಇರಬಾರದು. ಮಾವ ಈ ಪದ್ಧತಿಯನ್ನು ಪಂಪಿನ ಚಕ್ರಕ್ಕೂ ಬಿಡಲಿಲ್ಲ. ಪ್ಯಾಟರ್ನ್ ಮುಗಿಯಿತೆಂದರೆ ಮುರಿದ ತುಂಡನ್ನು ತೊಳೆದು ಟವೆಲಿನಲ್ಲಿ ಸುತ್ತಿಕೊಂಡು ಕೆರೆಯ ಕಡೆ ಹೊರಡುವರು. ಹಳೇ ಬೀಡು ಕರಗಿಸಿದರೆ ಇನ್ನೊಂದಕ್ಕೆ ಆಗುತ್ತದಲ್ಲ ಎಂದು ಇವರಿಗೆ ಹೊಟ್ಟೆ ಉರಿ. ಹಾಗಾಗಿ ಮುರಿದ ತುಂಡುಗಳನ್ನು ಇವರು ಬಚ್ಚಿಡುವುದು, ಮಾವ ಹುಡುಕುವುದು ನಡೆದೇ ಇತ್ತು. ನಾನು ಎಷ್ಟೋ ಸಲ ನಗು ತಡೆದುಕೊಂಡು ಒಳಗೆ ಹೋಗಿದ್ದೇನೆ.

ಹೊಸನಗರದಿಂದ ಒಬ್ಬರು ಬಂದದ್ದು ಸುಗ್ಗಿಯ ದಿನಗಳಲ್ಲಿ. ಹಿಂದೆ ಗೇಣಿ ಮಾಡುತ್ತಿದ್ದ ಮನೆ, ಜಮೀನು ಸ್ವಂತಕ್ಕೆ ಬಂದ ಮೇಲೆ ಭತ್ತ ಅಕ್ಕಿ ಮಾಡುವ ಹಲ್ಲರ್ ಹಾಕಿಕೊಂಡಿದ್ದರು. ಹಲ್ಲರಿನ ಮೇಲೆ ಕೂರುವ ಬೀಡಿನ ಮುಚ್ಚಳ ಎರಡು ಹೋಳಾಗಿತ್ತು. ಊರವರ ಭತ್ತವೆಲ್ಲ ಅವರ ಜಗಲಿಯಲ್ಲಿ ಬಿದ್ದಿತ್ತು. ಇವರು ಮನೆಯಲ್ಲಿರಲಿಲ್ಲ. ಹೊಳೆಯಾಚೆ ತುಮರಿಯ ಕಡೆ ಪಂಪ್‌ಸೆಟ್ ರಿಪೇರಿಗೆ ಹೋದವರು ಹೊಳೆ ದಾಟಿಸುವ ಲಾಂಚ್ ಕೆಟ್ಟು ಅಲ್ಲೇ ಉಳಿದಿದ್ದರು.

"ಮೇಸ್ತ್ರಿ ಬರೋತನಕ ಕಾಯಕ್ಕೆ ಆಗಲ್ಲ ಅಜ್ಜಾರೆ," ಎಂದು ಅವರು ಮಾವನ ಎದುರು ಕೂತುಬಿಟ್ಟರು.

ಮಾವ ಎರಡು ಹೋಳನ್ನೂ ಜೋಡಿಸಿ ನೋಡಿದರು. "ಇದರಲ್ಲಿ ಎಂತ ಇದೆ. ನಾ ಮಾಡ್ಕೊಡ್ತೀನಿ ಬಿಡಿ," ಎಂದರು.

ಆ ಪ್ಯಾಟರ್ನ್ ಕೆತ್ತುವಾಗಿನ ಮಾವನ ಮುಖ ನನಗೆ ಚೆನ್ನಾಗಿ ನೆನಪಿದೆ. ಅಲ್ಲಿಯವರೆಗೆ ಅಳತೆಯನ್ನೆಲ್ಲ ಇವರು ಚೀಟಿಯಲ್ಲಿ ಬರೆದುಕೊಡುತ್ತಿದ್ದರು, ಮಾವ ಅದರಂತೆ ಕೆತ್ತುತ್ತಿದ್ದರು. ಈಗ ಪೂರ್ತಿ ಕೆಲಸ ಅವರದೇ. ಮುಚ್ಚಳದ ಬಾಗು, ಅಂಚು, ಬೋಲ್ಟು ಕೂರುವ ಕಿವಿಗಳು, ಒಂದೊಂದನ್ನೂ ಕಡ್ಡಿಯಿಟ್ಟು ಅಳೆದು, ಬೆರಳಿನಿಂದ ಸವರಿ, ಹಾಗೇ ಮರಕ್ಕೆ ಇಳಿಸಿದರು. ಅರಗು ಬಳಿಯಲು ನನ್ನ ಕೈಗೆ ಕೊಟ್ಟು, "ತಂಗಿ, ಎರಡನ್ನೂ ಮುಟ್ಟಿ ನೋಡು, ಯಾವುದು ಹಳೇದು ಹೇಳು," ಎಂದು ಮಕ್ಕಳ ಹಾಗೆ ನಕ್ಕರು. ಮಾರನೆಯ ದಿನ ಪದ್ಧತಿಯಂತೆ ಹಳೆಯ ಮುಚ್ಚಳವನ್ನು ಕೆರೆಗೆ ಬಿಟ್ಟು ಬಂದರು. ನಮ್ಮಲ್ಲಿ ಮಣ್ಣು ತುಂಬಲು ಬರುತ್ತಿದ್ದ ಆಳು ಎಂದಿನಂತೆ ಅಚ್ಚು ಮಾಡಿ ಎರಕ ಹೊಯ್ದ. ಹೊಸನಗರದವರು ಮುಚ್ಚಳ ಹೊತ್ತುಕೊಂಡು ಬಸ್ಸು ಹತ್ತಿದರು.

ಅವರು ತಿರುಗಿ ಬಂದ ದಿನವೇ ಇವರೂ ತುಮರಿಯಿಂದ ಬಂದಿದ್ದರು. ಮುಚ್ಚಳ ಕೂರಲಿಲ್ಲ. ಬೋಲ್ಟಿನ ತೂತು ಒಂದಕ್ಕೊಂದು ಸೇರುವುದೇ ಇಲ್ಲ, ಚಿಕ್ಕದಾಗಿದೆ, ಎಂದು ಅವರು ಚೀಲ ಕೆಳಗಿಟ್ಟರು. ಇವರಿಗೆ ನೋಡಿದ ಕೂಡಲೇ ಗೊತ್ತಾಗಿರಬೇಕು. ಬೀಡು ಆರುವಾಗ ಕುಗ್ಗುತ್ತದೆ. ಅದಕ್ಕೇ ಮರದ ಮಾದರಿಯನ್ನು ಯಾವಾಗಲೂ ಬೇಕಾದದ್ದಕ್ಕಿಂತ ತುಸು ದೊಡ್ಡದಾಗಿ ಮಾಡಬೇಕು. ಇಷ್ಟು ವರ್ಷ ಇವರು ಚೀಟಿಯಲ್ಲಿ ಆ ಹೆಚ್ಚಿನದನ್ನು ಸೇರಿಸಿಯೇ ಬರೆದುಕೊಡುತ್ತಿದ್ದರು. ಅದನ್ನು ಮಾವನಿಗೆ ಯಾರೂ ಹೇಳಿರಲಿಲ್ಲ. ಕೇಳುವ ಸಂದರ್ಭವೂ ಬಂದಿರಲಿಲ್ಲ.

"ಹಳೇ ಮುಚ್ಚಳ ಎಲ್ಲಿ?" ಎಂದು ಇವರು ಕೇಳಿದರು.

"ನೀರಿಗೆ ಬಿಟ್ಟೆ," ಎಂದರು ಮಾವ.

ಲಾಂಚಿಗೆ ಕಾದ ಆಯಾಸ, ಬಿಸಿಲು, ಎದುರಿಗೆ ನಿಂತ ಗಿರಾಕಿ, ಏನೆಲ್ಲ ಸೇರಿತೋ. ಇವರು ಒದರಿದರು. "ಅದೇನು ಗಣಪತಿಯಾ ನೀರಿಗೆ ಬಿಡಕ್ಕೆ? ಈಗ ಯಾವುದನ್ನ ನೋಡಿ ಮಾಡ್ಲಿ ನಾನು? ಕಣ್ಣು ಕಾಣಲ್ಲ ಅಂದ್ರೆ ಸುಮ್ನೆ ಕೂತ್ಕಬೇಕು ಅಪ್ಪಯ್ಯ. ಯಾರು ಕೆತ್ತಕ್ಕೆ ಹೇಳಿದ್ದು ನಿಮಗೆ?"

ಹೊಸನಗರದವರು ಪಾಪ, "ಇರ್ಲಿ ಮಾರಾಯ್ರೆ, ದೊಡ್ಡೋರಿಗೆ ಹಂಗೆ ಹೇಳಬೇಡಿ," ಎಂದು ಮೆಲ್ಲಗೆ ಹೇಳಿದರು. ಮಾವ ಕನ್ನಡಕ ತೆಗೆದು, ಅದರ ಗಾಜನ್ನು ಪಂಚೆಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಆ ಹೊಸ ಮುಚ್ಚಳವನ್ನು ನೋಡಿದರು. ಆಮೇಲೆ ಎದ್ದು ಒಳಗೆ ಹೋದರು.

ಸಂಜೆಯ ಹೊತ್ತಿಗೆ ಇವರ ಸಿಟ್ಟು ಇಳಿದಿತ್ತು. ಮಾವನ ಪ್ಯಾಟರ್ನನ್ನು ಎತ್ತಿಕೊಂಡು, ಹೊಸನಗರದವರು ಹಲ್ಲರಿನ ಬೋಲ್ಟುಗಳ ನಡುವೆ ಅಳೆದು ತಂದಿದ್ದ ಅಳತೆಯ ಜೊತೆ ಹೋಲಿಸಿ ನೋಡಿದರು. ನಾನು ಹತ್ತಿರದಲ್ಲೇ ಮಣ್ಣು ಜರಡಿ ಹಿಡಿಯುತ್ತಿದ್ದೆ. ಮತ್ತೊಮ್ಮೆ ಅಳೆದರು. ಆಮೇಲೆ ಅಲ್ಲೇ ಮಣ್ಣಿನ ಮೇಲೆ ಕೂತರು. "ಹಳೇ ಮುಚ್ಚಳ ಕೆರೆಗೆ ಹೋದ್ರೆ ಹೋಗ್ಲಿ ಕಣೇ. ಅದು ಇಲ್ಲೇ ಇದೆ. ಅಪ್ಪಯ್ಯ ಅರ್ಧ ನೂಲೂ ತಪ್ಪಿಲ್ಲ," ಎಂದರು. ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ. ಮಾವ ಅಷ್ಟು ಸರಿಯಾಗಿ ಕೆತ್ತಿದ್ದಕ್ಕೇ ಎರಕ ಚಿಕ್ಕದಾಗಿತ್ತು. ಆ ಮರದ ಮುಚ್ಚಳವನ್ನೇ ನೋಡಿ, ಕುಗ್ಗುವ ಲೆಕ್ಕ ಸೇರಿಸಿ, ಇವರು ಇನ್ನೊಂದು ಪ್ಯಾಟರ್ನ್ ಮಾಡಿದರು. ಆ ಮುಚ್ಚಳ ಹಲ್ಲರಿನ ಮೇಲೆ ಸರಿಯಾಗಿ ಕೂತಿತು ಎಂದು ಹೊಸನಗರದಿಂದ ಸುದ್ದಿಯೂ ಬಂತು.

"ಹೋಗಿ ಹೇಳಿ ಮಾವನಿಗೆ," ಎಂದೆ ನಾನು.

"ನಾಳೆ ಹೇಳ್ತೀನಿ."

ಇವರ ಮನೆಯ ಗಂಡಸರು ಒಬ್ಬರ ಜೊತೆ ಒಬ್ಬರು ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿದವರೇ ಅಲ್ಲ. ಈಗ ಕೆಲಸದ ಮಾತೂ ನಿಂತಿತು. ಮಾವ ಉಳಿಗಳನ್ನು ತೊಳೆದು, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಹೊತ್ತಿಗೆ ಸರಿಯಾಗಿ ಉಣ್ಣುವರು, ಪೇಟೆಗೆ ಹೋಗಿ ತರಕಾರಿ ತರುವರು, ನನ್ನ ಜೊತೆ ನಗುನಗುತ್ತಲೇ ಮಾತಾಡುವರು. ಹಿತ್ತಲ ಬಾಗಿಲು ಮಾತ್ರ ದಾಟುತ್ತಿರಲಿಲ್ಲ. ದಾರದ ಗಂಟು ಬಿಚ್ಚುವುದಕ್ಕೂ, ಅಕ್ಕಿಯ ಕಲ್ಲು ಆರಿಸುವುದಕ್ಕೂ, "ನನ್ನ ಕಣ್ಣಿಗೆ ಕಾಣಲ್ಲ ತಂಗಿ," ಎನ್ನಲು ಶುರು ಮಾಡಿದರು. ಕಾಣುತ್ತಿತ್ತು. ಎದುರುಮನೆಯ ಬೇಲಿಯ ಮೇಲಿನ ಓತಿಕ್ಯಾತ ಅವರಿಗೆ ಕಾಣುತ್ತಿತ್ತು. ತಮ್ಮ ಕಣ್ಣು ಕೆಟ್ಟಿದೆ ಎಂದು ಅವರು ನಂಬಿಬಿಟ್ಟಿದ್ದರು.

ನನಗೆ ಸುಮ್ಮನಿರಲು ಆಗಲಿಲ್ಲ. ನಾನೇ ಹೇಳಿದೆ, ಮಾವ, ನಿಮ್ಮ ಅಳತೆ ತಪ್ಪಿರಲಿಲ್ಲ, ಬೀಡು ಕುಗ್ಗುತ್ತದಂತೆ, ಅದಕ್ಕೆ ಹಾಗಾಯಿತು ಎಂದು. ಅವರು ನನ್ನ ತಲೆ ಸವರಿದರು. "ನನ್ನ ಸಮಾಧಾನಕ್ಕೆ ಎಂತೆಂತದೋ ಹೇಳ್ತೀಯಲ್ಲ ನೀನು. ಕಬ್ಬಿಣ ಎಲ್ಲಾದ್ರೂ ಕುಗ್ತದಾ, ಬಟ್ಟೆ ಹಂಗೆ?" ಎಂದರು. ಸೊಸೆ ಹೇಳಿದ್ದು ಅವರಿಗೆ ಸಮಾಧಾನದ ಮಾತು. ಮಗ ಬಾಯಿ ಬಿಟ್ಟು ಹೇಳಬೇಕಿತ್ತು. ಪ್ಯಾಟರ್ನ್ ತೋರಿಸೋಣ ಎಂದು ಹುಡುಕಿದರೆ ಅದೂ ಇರಲಿಲ್ಲ. ಮಾವ ಯಾವತ್ತೋ ಅದನ್ನು ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸಿಬಿಟ್ಟಿದ್ದರು.

ಇವರ ಮೇಲೆ ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಬಡಿಸುವಾಗ ಪಾತ್ರೆ ಕುಕ್ಕಿದೆ. ಮಾತು ಬಿಟ್ಟೆ. ತವರಿಗೆ ಹೋಗಿ ಕೂತೆ, ಅಲ್ಲಿ ಮಾವನ ಊಟದ ಚಿಂತೆಯಾಗಿ ನಾನಾಗಿಯೇ ತಿರುಗಿ ಬಂದೆ. ಇವರು ಒಂದೊಂದು ದಿನ ಜಗಲಿಯವರೆಗೆ ಹೋಗಿ, ಮಾವನ ಎದುರು ನಿಂತು, "ಅಪ್ಪಯ್ಯ, ಕಾಫಿ ಆಯ್ತಾ?" ಎಂದು ಕೇಳಿ ತಿರುಗಿ ಬರುತ್ತಿದ್ದರು. "ಏನಂತ ಶುರು ಮಾಡ್ಲಿ ಹೇಳು," ಎಂದು ನನ್ನನ್ನೇ ಕೇಳುವರು. ಇಷ್ಟು ದಿನ ಆದಮೇಲೆ ಹೇಳಿದರೆ ಇನ್ನೂ ನೋವಾಗುತ್ತದೆ ಎನ್ನುವರು. ದಿನ ಹೋಗಿ ವರ್ಷವಾಯಿತು. ಪ್ಯಾಟರ್ನ್ ಕೆತ್ತಲು ಬೇರೆ ಊರಿನಿಂದ ಒಬ್ಬರು ಬಂದು ಹೋಗತೊಡಗಿದರು. ಮಕ್ಕಳಾದವು, ಶಾಲೆಗೆ ಸೇರಿದವು. ಅವಕ್ಕೆ ಒಂದು ಬುಗುರಿ ಮಾಡಿಕೊಡಿ ಮಾವ, ಎಂದು ಗೋಗರೆದೆ. ಮಾವ ಪೇಟೆಯಿಂದ ಬಣ್ಣದ ಪ್ಲಾಸ್ಟಿಕ್ ಬುಗುರಿ ತಂದುಕೊಟ್ಟರು. ಅದನ್ನು ನೋಡಿ ನನಗೆ ಅಳು ಬಂತು.

ಎಂಬತ್ತರ ದಶಕದ ನಡುವಿನಲ್ಲಿ ಮಾವ ಹಾಸಿಗೆ ಹಿಡಿದರು. ಒಂದು ಮಗ್ಗುಲು ಸೋತಿತ್ತು, ಮಾತು ತೊದಲುತ್ತಿತ್ತು. ಡಾಕ್ಟರು ಬಂದು ನೋಡಿ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ, ಎಂದು ಹೇಳಿಹೋದರು. ಅದರ ಅರ್ಥ ಇವರಿಗೂ ಆಯಿತು. ಒಂದು ಬೆಳಿಗ್ಗೆ ನಾನು ಮಾವನಿಗೆ ಗಂಜಿ ಕುಡಿಸುತ್ತಿದ್ದಾಗ ಇವರು ಕೈಯಲ್ಲಿ ಎರಡು ಸ್ಕೇಲು ಹಿಡಿದುಕೊಂಡು ಬಂದು ಹಾಸಿಗೆಯ ಹತ್ತಿರ ಕೂತರು.

"ಅಪ್ಪಯ್ಯ, ಆ ಹೊಸನಗರದ ಮುಚ್ಚಳ," ಎಂದರು. "ನಿಮ್ಮ ಕಣ್ಣು ತಪ್ಪಿರ್ಲಿಲ್ಲ. ನಾನು ಅಳದು ನೋಡಿದೀನಿ. ಅರ್ಧ ನೂಲೂ ತಪ್ಪಿರ್ಲಿಲ್ಲ. ನಿಮ್ಮ ಕಾಲಿನಾಣೆ."

ಮಾವ ಮಗನನ್ನೇ ನೋಡುತ್ತಿದ್ದರು. ಇವರು ಎರಡು ಸ್ಕೇಲನ್ನೂ ಒಟ್ಟಿಗೆ ಜೋಡಿಸಿ ಅವರ ಕಣ್ಣಿನ ಹತ್ತಿರ ಹಿಡಿದರು. ಒಂದು ಮಾಮೂಲು ಸ್ಕೇಲು, ಇನ್ನೊಂದು ಎರಕದವರದ್ದು. ಎರಕದ ಸ್ಕೇಲಿನ ಒಂದು ಇಂಚು ನಿಜವಾದ ಇಂಚಿಗಿಂತ ಕೂದಲೆಳೆಯಷ್ಟು ಉದ್ದ. ಬೀಡು ಕುಗ್ಗುವುದನ್ನು ಅದರಲ್ಲೇ ಸೇರಿಸಿರುತ್ತಾರೆ. ಮಾವ ಸರಿಯಿದ್ದ ಕೈಯ ಬೆರಳನ್ನು ಎರಡರ ತುದಿಯ ಮೇಲೂ ಆಡಿಸಿದರು.

"ಇದು ಸುಳ್ಳು ಹೇಳೋ ಸ್ಕೇಲು," ಎಂದು ನಿಧಾನವಾಗಿ ಹೇಳಿ ನಕ್ಕರು. ಆಮೇಲೆ, "ಇದನ್ನ ಆಗ್ಲೇ ಹೇಳಬಹುದಿತ್ತಲ್ಲ ತಮ್ಮ," ಎಂದರು. ಆ ಮಾತಿನಲ್ಲಿ ಸ್ವಲ್ಪವೂ ಸಿಟ್ಟಿರಲಿಲ್ಲ. ಇದ್ದಿದ್ದರೆ ಇವರು ಬದುಕಿಕೊಳ್ಳುತ್ತಿದ್ದರು. ಹಾಸಿಗೆಯ ಅಂಚಿಗೆ ಹಣೆ ಇಟ್ಟು ಇವರು ಅತ್ತರು. ನಾನು ಗಂಜಿಯ ಬಟ್ಟಲು ಹಿಡಿದುಕೊಂಡೇ ಕೂತಿದ್ದೆ.

ಆಮೇಲೆ ಮಾವ ಕೇಳಿದ್ದು ಕೆತ್ತಲು ಮರವನ್ನು. ಅರಳಸುರಳಿಯ ತೋಟದವರೊಬ್ಬರು ನೀರಿನ ವಾಲ್ವಿನ ಕೈಚಕ್ರ ಮುರಿದು ತಂದುಕೊಟ್ಟಿದ್ದರು, ಅಂಗೈಗಿಂತ ಸ್ವಲ್ಪ ದೊಡ್ಡದು. ಇವರು ಅದನ್ನೂ ಒಂದು ಶಿವನಿಯ ತುಂಡನ್ನೂ ಆ ಎರಕದ ಸ್ಕೇಲನ್ನೂ ಮಾವನ ಎದುರಿಗಿಟ್ಟರು. ಅಟ್ಟದಿಂದ ಉಳಿಗಳನ್ನು ಇಳಿಸಿದೆವು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಮರವನ್ನು ಇವರು ಬಿಗಿಯಾಗಿ ಹಿಡಿದುಕೊಂಡರು. ಮಾವ ಒಂದೇ ಕೈಯಲ್ಲಿ ಉಳಿ ಒತ್ತಿದರು. ಕಣ್ಣು ಸರಿಯಾಗಿಯೇ ಇತ್ತು, ಗೆರೆ ಎಲ್ಲಿದೆ ಎಂದು ಅವರಿಗೆ ಕಾಣುತ್ತಿತ್ತು. ಆದರೆ ಕೈ ನಡುಗುತ್ತಿತ್ತು. ಉಳಿ ಗೆರೆಯ ಮೇಲೆ ಇಳಿಯುವಷ್ಟರಲ್ಲಿ ಪಕ್ಕಕ್ಕೆ ಹೋಗುತ್ತಿತ್ತು. ಅವರಿಗೂ ಗೊತ್ತಾಗುತ್ತಿತ್ತು. ದಿನಾ ಸ್ವಲ್ಪ ಸ್ವಲ್ಪ ಮಾಡಿದರು. ನಾನು ಮರಳು ಕಾಗದ ತರುತ್ತೇನೆ ಎಂದರೆ ಇವರು ಅಪ್ಪಯ್ಯ ಮಾಡಿದ್ದು ಹಾಗೇ ಇರಲಿ, ಬೇಡ, ಎಂದು ತಲೆಯಾಡಿಸಿದರು. ಹಾಗೇ ಅರಗು ಬಳಿದೆ.

ಮಣ್ಣಿಗೆ ಮುಲಾಜಿಲ್ಲ. ಮರದಲ್ಲಿ ಇದ್ದದ್ದನ್ನೆಲ್ಲ ಅದು ಹಿಡಿದುಕೊಳ್ಳುತ್ತದೆ, ಬೀಡು ಅದನ್ನೆಲ್ಲ ತುಂಬಿಕೊಳ್ಳುತ್ತದೆ. ಎರಕ ಆರಿದ ಮೇಲೆ ಒಡೆದು ತೆಗೆದರೆ ಮಾವನ ಕೈಯ ನಡುಕ ಆ ಚಕ್ರದ ಸುತ್ತಲೂ ಹಾಗೇ ಕಬ್ಬಿಣವಾಗಿ ನಿಂತಿತ್ತು. ಅಳತೆ ಮಾತ್ರ ಸರಿಯಿತ್ತು. ಇವರು ಅದನ್ನು ತೊಳೆದು ತಂದು, "ಚೆನ್ನಾಗಿ ಬಂದಿದೆ ಅಪ್ಪಯ್ಯ, ಅರಳಸುರಳಿಯವ್ರಿಗೆ ಕೊಡ್ತೀನಿ," ಎಂದು ಅವರ ಎದೆಯ ಮೇಲಿಟ್ಟರು.

ಮಾವ ಬೆರಳಿನಿಂದ ಅದರ ಅಂಚನ್ನು ಪೂರ್ತಿ ಒಂದು ಸುತ್ತು ಸವರಿದರು. "ಗಿರಾಕಿಗೆ ಇಂಥದ್ದು ಕೊಡಬಾರದು ತಮ್ಮ. ಹಿಡಿದೋರ ಕೈಗೆ ಚುಚ್ತದೆ," ಎಂದರು. ಸ್ವಲ್ಪ ಹೊತ್ತು ಸುಧಾರಿಸಿಕೊಂಡು, "ಮರದ್ದು ಒಲೆಗೆ, ಇದು ಕುಲುಮೆಗೆ. ಕೆಟ್ಟ ಕೆಲಸ ನಮ್ಮ ಹೆಸರಲ್ಲಿ ಉಳೀಬಾರದು. ಹಾಕ್ತೀಯಲ್ಲ?" ಎಂದು ಕೇಳಿದರು.

"ಹಾಕ್ತೀನಿ," ಎಂದರು ಇವರು.

ಮಾವ ಹೋದದ್ದು ಅದಾಗಿ ಕೆಲವು ದಿನಗಳಲ್ಲಿ, ಬೆಳಗಿನ ಜಾವ ಕಳೆದು ಬಿಸಿಲು ಏರುವಾಗ. ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ, ಇವರು ಕುಲುಮೆ ಹೊತ್ತಿಸಿ ಒಳಗೆ ಬಂದು ಚಕ್ರ ಕೇಳಿದರು. ನಾನು ಅದನ್ನೂ ಮರದ್ದನ್ನೂ ನನ್ನ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದೆ. ಕೊಡುವುದಿಲ್ಲ ಎಂದೆ. ಗಂಧದ ಕೆಲಸವೆಲ್ಲ ಮಾರಿಹೋಗಿದೆ, ಹಳೇ ಪ್ಯಾಟರ್ನ್‌ಗಳೆಲ್ಲ ಒಲೆ ಸೇರಿವೆ, ಇದೊಂದಾದರೂ ಇರಲಿ, ಮಕ್ಕಳು ದೊಡ್ಡವರಾದ ಮೇಲೆ ಏನು ತೋರಿಸಲಿ, ಎಂದು ಜಗಳಕ್ಕೇ ನಿಂತೆ. ಇವರು ಜಗಳ ಆಡಲಿಲ್ಲ.

"ನಂಗೂ ಇಟ್ಕಬೇಕು ಅಂತ ಇದೆ ಕಣೇ," ಎಂದರು. "ಆದ್ರೆ ಹಾಕ್ತೀನಿ ಅಂತ ಅವ್ರ ಎದುರಿಗೆ ಹೇಳಿದೀನಿ."

ತಂದುಕೊಟ್ಟೆ. ಮರದ್ದನ್ನು ನಾನೇ ಒಲೆಗೆ ಹಾಕಿದೆ, ಶಿವನಿ ಮರ, ಬೇಗ ಹತ್ತಿಕೊಂಡಿತು. ಕುಲುಮೆಯ ಬಾಯಿಗೆ ಹಿಡಿಸಲು ಚಕ್ರವನ್ನು ಒಡೆಯಬೇಕಿತ್ತು. ಬೀಡು ಸುತ್ತಿಗೆಯ ಒಂದು ಪೆಟ್ಟಿಗೆ ಒಡೆಯುತ್ತದೆ. ಇವರು ಸುತ್ತಿಗೆ ಎತ್ತಿದವರು ಎಷ್ಟೋ ಹೊತ್ತು ಹಾಗೇ ನಿಂತಿದ್ದರು, ಆಮೇಲೆ ಹೊಡೆದರು. ಆ ಚೂರುಗಳನ್ನೂ ಕರಗಿಸಿ ಆ ದಿನ ಹೊಯ್ದದ್ದನ್ನೆಲ್ಲ ವಾರದೊಳಗೆ ಗಿರಾಕಿಗಳು ಬಂದು ತೆಗೆದುಕೊಂಡು ಹೋದರು. ಮಾವನ ಕೈಯಿಂದ ಆದದ್ದು ಈಗ ನಮ್ಮ ಮನೆಯಲ್ಲಿ ಒಂದೂ ಇಲ್ಲ.